ಪಾಟ್ ನೋಡಿ ಬೆಟ್ ಮಾಡೋದು ಕಲಿತೆ

ಕೋಲಾರದಲ್ಲಿ ನಾವು ಆರು ಜನ ಗೆಳೆಯರು ಭಾನುವಾರ ಸಂಜೆ ನಮ್ಮ ಮನೆ ಮಹಡಿ ಮೇಲೆ ಪೋಕರ್ ಟೂರ್ನಮೆಂಟ್ ಆಡುತ್ತೇವೆ. ದುಡ್ಡು ಕಟ್ಟುವುದಿಲ್ಲ. ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾನೂನು ಬಂದಿದ್ದು 2025ರ ಆಗಸ್ಟ್‌ನಲ್ಲಿ. ನಮಗೆ ಅದಕ್ಕೂ ಮುಂಚಿನಿಂದ ಪ್ಲಾಸ್ಟಿಕ್ ಚಿಪ್ಸೇ ಸಾಕಾಗಿತ್ತು. ತಲೆಗೆ 10,000 ಚಿಪ್ಸ್, ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಇಬ್ಬರು ಹಾಕಲೇಬೇಕಾದ ಚಿಕ್ಕ, ದೊಡ್ಡ ಬೆಟ್) 50-100ರಿಂದ ಶುರು, 20 ನಿಮಿಷಕ್ಕೊಮ್ಮೆ ಏರುತ್ತದೆ.

ಮೊದಮೊದಲು ನಾನೇ ಬೇಗ ಔಟ್ ಆಗುತ್ತಿದ್ದೆ. ಎಲೆ ಚೆನ್ನಾಗೇ ಬರುತ್ತಿತ್ತು. ಎಷ್ಟು ಬೆಟ್ ಮಾಡಬೇಕು ಅನ್ನೋದು ಗೊತ್ತಿರಲಿಲ್ಲ.

ಒಂದು ಆಟ ಇನ್ನೂ ಕಣ್ಣ ಮುಂದೆ ಇದೆ. ನನ್ನ ಕೈಲಿ ಇಸ್ಪೀಟ್ ಎಕ್ಕ, ಕ್ಲಾವರ್ ಎಕ್ಕ. ಮೇಜಿನ ಮೇಲೆ ಎಲ್ಲರಿಗೂ ಸೇರುವ ಐದು ಎಲೆಗಳಲ್ಲಿ ನಾಲ್ಕು ಬಿದ್ದಿದ್ದವು: ಆಟೀನ್ ರಾಜ, ಆಟೀನ್ ಏಳು, ಡೈಮಂಡ್ ಎರಡು, ಕ್ಲಾವರ್ ಒಂಬತ್ತು. ಪಾಟ್‌ನಲ್ಲಿ, ಅಂದರೆ ಆ ಆಟಕ್ಕೆ ಎಲ್ಲರೂ ಹಾಕಿದ ಚಿಪ್ಸ್ ರಾಶಿಯಲ್ಲಿ, 1,000. ಎದುರಿಗಿದ್ದವನು ಟೊಮೆಟೊ ಮಂಡಿಯಲ್ಲಿ ಕೆಲಸ ಮಾಡುವ ಗೆಳೆಯ. ಅವನು ಬಿಟ್ಟುಹೋಗಬಾರದು ಅಂತ ಬರೀ 100 ಹಾಕಿದೆ. ತಕ್ಷಣ ಕಾಲ್ ಮಾಡಿದ, ಅಂದರೆ ತಾನೂ ಅಷ್ಟೇ ಹಾಕಿದ. ಕೊನೆಯ ಎಲೆ ಆಟೀನ್ ನಾಲ್ಕು. ಅವನ ಕೈಲಿ ಆಟೀನ್ ರಾಣಿ, ಆಟೀನ್ ಐದು. ಒಂದೇ ಜಾತಿಯ ಐದು ಎಲೆ, ಫ್ಲಶ್! ನನ್ನ ಜೋಡಿ ಎಕ್ಕ ಸೋತಿತು.

ಚಿಪ್ಸ್ ಜೋಡಿಸುತ್ತಾ ಅವನು ಹೇಳಿದ: "ಬೆಟ್ ಅಂದ್ರೆ ಮುಂದಿನ ಎಲೆ ನೋಡೋಕೆ ನೀನು ಹೇಳೋ ರೇಟು. 15 ಕೆಜಿ ಬಾಕ್ಸ್‌ಗೆ ಮಂಡೀಲಿ ಏನು ರೇಟು ನಡೀತಿದೆ ಅಂತ ನೋಡದೆ ಯಾರಾದ್ರೂ ಕೂಗ್ತಾರಾ?"

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಅವನು ನೋಡಿರದ ಎಲೆ 46. ಅದರಲ್ಲಿ ಆಟೀನ್ 9. ಅಂದರೆ ಹತ್ತಿರಹತ್ತಿರ ಐದು ಸಲಕ್ಕೆ ಒಂದು ಸಲ ಬರುತ್ತದೆ. ನನ್ನ ರೇಟು ಎಷ್ಟು? 100 ಕೊಟ್ಟರೆ 1,100 ಗೆಲ್ಲಬಹುದು. ಹನ್ನೆರಡು ಸಲಕ್ಕೆ ಒಂದು ಸಲ ಬಂದರೂ ಅವನಿಗೆ ಅಸಲು. ಮುಂದಿನ ಎಲೆಯನ್ನು ನಾನು ಅವನಿಗೆ ಬಿಟ್ಟಿ ರೇಟಿಗೆ ಕೊಟ್ಟುಬಿಟ್ಟಿದ್ದೆ. ಅರ್ಧ ಪಾಟ್, ಅಂದರೆ 500 ಹಾಕಿದ್ದರೆ 500 ಕೊಟ್ಟು 1,500ಕ್ಕೆ ಆಡಬೇಕಿತ್ತು. ನಾಲ್ಕು ಸಲಕ್ಕೆ ಒಂದು ಸಲ ಬಂದರೆ ಮಾತ್ರ ಅಸಲು. ಆದರೆ ಆಟೀನ್ ಬಿದ್ದಮೇಲೆ ಅವನು ನನ್ನಿಂದ ಇನ್ನಷ್ಟು ಕೀಳಬಹುದು ಅಲ್ವಾ? ಅದಕ್ಕೇ ಈಗ ಇಂಥ ಕಡೆ ಪಾಟ್‌ನ ಮೂರರಲ್ಲಿ ಎರಡು ಭಾಗ ಹಾಕುತ್ತೇನೆ. ಮೇಜಿನ ಮೊದಲ ಮೂರು ಎಲೆ ಬೇರೆ ಬೇರೆ ಜಾತಿಯವು, ಒಂದಕ್ಕೊಂದು ದೂರದವು ಆಗಿದ್ದರೆ ಮೂರರಲ್ಲಿ ಒಂದು ಭಾಗ ಸಾಕು.

ಇನ್ನೊಂದು ತಪ್ಪು ಶುರುವಿನ ರೈಸ್‌ನಲ್ಲಿ, ಅಂದರೆ ಮೇಜಿನ ಎಲೆ ಬೀಳುವ ಮುಂಚೆ ಬೆಟ್ ಏರಿಸುವುದರಲ್ಲಿ, ಇತ್ತು. ಬ್ಲೈಂಡ್ 100-200 ಇದ್ದಾಗ ಜೋಡಿ ರಾಜ ಬಂದರೆ ಹೆದರಿ 1,500 ಹಾಕುತ್ತಿದ್ದೆ, ಸಾಧಾರಣ ಎಲೆಗೆ 400. ಎರಡೇ ವಾರದಲ್ಲಿ ಎಲ್ಲರಿಗೂ ಗೊತ್ತಾಯಿತು. 1,500 ಕಂಡ ಕೂಡಲೇ ಎಲ್ಲರೂ ಎಲೆ ಬಿಟ್ಟು ಫೋಲ್ಡ್! ಈಗ ಯಾವ ಎಲೆ ಬಂದರೂ ಒಂದೇ ಅಳತೆ: ದೊಡ್ಡ ಬ್ಲೈಂಡ್‌ನ ಎರಡೂವರೆ ಪಟ್ಟು, 500. ನನಗಿಂತ ಮೊದಲೇ ಒಬ್ಬ ಕಾಲ್ ಮಾಡಿ ಕೂತಿದ್ದರೆ ಇನ್ನೊಂದು ಬ್ಲೈಂಡ್ ಜಾಸ್ತಿ.

ಚಿಪ್ಸ್ ಕಮ್ಮಿಯಾದಾಗ ಈ ಅಳತೆ ನಡೆಯುವುದಿಲ್ಲ. ಬ್ಲೈಂಡ್ 500-1,000, ನನ್ನ ಹತ್ತಿರ 8,000. ಅಂದರೆ ಎಂಟೇ ದೊಡ್ಡ ಬ್ಲೈಂಡ್. ಒಮ್ಮೆ 2,500 ಹಾಕಿ, ಎದುರಿನವನು ಇದ್ದ ಚಿಪ್ಸ್ ಎಲ್ಲಾ ಹಾಕಿ ಆಲ್ ಇನ್ ಅಂದಾಗ ಫೋಲ್ಡ್ ಮಾಡಿದೆ. ಚಿಪ್ಸ್‌ನಲ್ಲಿ ಹತ್ತಿರಹತ್ತಿರ ಮೂರನೇ ಒಂದು ಭಾಗ ಹೋಯಿತು. ಹತ್ತು ಬ್ಲೈಂಡ್‌ಗಿಂತ ಕೆಳಗಿಳಿದರೆ ಈಗ ನನಗೆ ಎರಡೇ ದಾರಿ: ಆಲ್ ಇನ್, ಇಲ್ಲ ಫೋಲ್ಡ್.

ಕೊನೆಯ ಎಲೆ ಬಿದ್ದಮೇಲಿನ ಬೆಟ್ ಮಾತ್ರ ಇನ್ನೂ ಕಷ್ಟ. ಅಲ್ಲಿ ಮುಂದಿನ ಎಲೆಯೇ ಇಲ್ಲ. ನನಗಿಂತ ಕೆಳಗಿನ ಕೈ ಇರುವವನು ಎಷ್ಟರವರೆಗೆ ಕೊಡುತ್ತಾನೆ ಅನ್ನೋದಷ್ಟೇ ಪ್ರಶ್ನೆ. ಪಾಟ್ ಎಷ್ಟಿತ್ತು, ನಾನು ಎಷ್ಟು ಹಾಕಿದೆ, ಯಾರು ಕಾಲ್ ಮಾಡಿದರು ಅಂತ ಬರೆದಿಡೋಕೆ ಒಂದು ನೋಟ್‌ಬುಕ್ ತಂದಿದ್ದೇನೆ. ನಾಲ್ಕು ಪುಟ ತುಂಬಿದೆ.