ಟೋಲ್ ಫ್ರೀ ನಂಬರ್ ತಗೊಳ್ಳುವ ಮೊದಲು ನಿಮಿಷದ ಲೆಕ್ಕ ಹಾಕಿ

1800 ನಂಬರಿಗೆ ಫೋನ್ ಮಾಡಿದ ಗ್ರಾಹಕರಿಗೆ ಒಂದು ಪೈಸೆಯೂ ಖರ್ಚಿಲ್ಲ. ಆ ದುಡ್ಡು ನಿಮ್ಮ ಜೇಬಿನಿಂದ ಹೋಗುತ್ತದೆ, ಅದೂ ನಿಮಿಷದ ಲೆಕ್ಕದಲ್ಲಿ. ಆದ್ದರಿಂದ ತಿಂಗಳ ಬಾಡಿಗೆ ಕಡಿಮೆ ಅಂತ ಪ್ಲಾನ್ ಆರಿಸಬೇಡಿ. (1860 ನಂಬರ್ ಬೇರೆ. ಅಲ್ಲಿ ಫೋನ್ ಮಾಡಿದವರೂ ಲೋಕಲ್ ಕಾಲಿನ ದರ ಕೊಡಬೇಕು. ಎರಡನ್ನೂ ಒಂದೇ ಅಂದುಕೊಂಡವರು ತುಂಬಾ ಜನ ಇದ್ದಾರೆ.)

ಮೊದಲು ನಿಮ್ಮ ಈಗಿನ ಫೋನಿನಲ್ಲಿ ಒಂದು ತಿಂಗಳ ಕಾಲ್ ಲಿಸ್ಟ್ ತೆಗೆಯಿರಿ. ದಿನಕ್ಕೆ 40 ಕಾಲ್, ತಿಂಗಳಿಗೆ 26 ದಿನ, ಒಂದೊಂದು ಕಾಲ್ 2 ನಿಮಿಷ 20 ಸೆಕೆಂಡ್ ಅಂತ ಇಟ್ಟುಕೊಳ್ಳೋಣ. ಪಲ್ಸ್, ಅಂದರೆ ಬಿಲ್ ಲೆಕ್ಕದ ಒಂದು ತುಂಡು (ಅರ್ಧ ಬಳಸಿದರೂ ಪೂರ್ತಿ ಹಿಡಿಯುತ್ತಾರೆ), 60 ಸೆಕೆಂಡ್ ಇದ್ದರೆ ಪ್ರತಿ ಕಾಲಿಗೂ 3 ನಿಮಿಷ ಹಿಡಿಯುತ್ತಾರೆ, ಒಟ್ಟು 3,120 ನಿಮಿಷ ಆಯಿತು. 30 ಸೆಕೆಂಡ್ ಪಲ್ಸ್ ಆದರೆ ಅದೇ ಕಾಲ್‌ಗಳು 2,600 ನಿಮಿಷಕ್ಕೆ ಮುಗಿಯುತ್ತವೆ. ಹಾಗಾಗಿ ರೇಟಿನ ಜೊತೆ ಪಲ್ಸ್ ಎಷ್ಟು ಅಂತಲೂ ಕೇಳಲೇಬೇಕು.

ಇನ್ನೊಂದು ಖರ್ಚು ಇದೆ, ಬಿಲ್ ಬರುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ. 1800ಕ್ಕೆ ಬಂದ ಕಾಲನ್ನು ನಿಮ್ಮ ಹುಡುಗರ ಮೊಬೈಲಿಗೆ ಫಾರ್ವರ್ಡ್ ಮಾಡಿಸಿದರೆ, ಒಳಗೆ ಬಂದದ್ದಕ್ಕೆ ಒಂದು ಚಾರ್ಜ್, ಮೊಬೈಲಿಗೆ ಹೋದದ್ದಕ್ಕೆ ಮತ್ತೊಂದು. ಲೆಕ್ಕ ತಿಳಿಯಲಿ ಅಂತ ಸುಮ್ನೆ ಒಂದು ರೇಟು ಹಿಡಿಯೋಣ: ಒಳಗೆ ಬರಲು ನಿಮಿಷಕ್ಕೆ 1 ರೂಪಾಯಿ, ಫಾರ್ವರ್ಡಿಗೆ 60 ಪೈಸೆ, ಬಾಡಿಗೆ 1,000. 3,120 ನಿಮಿಷಕ್ಕೆ ಎಲ್ಲ ಸೇರಿ 5,992 ಆಗುತ್ತದೆ, ಶೇ. 18 ಜಿಎಸ್‌ಟಿ ಹಾಕಿದರೆ ಸುಮಾರು 7,070. ಬಾಡಿಗೆ ಅದರಲ್ಲಿ ಎಷ್ಟು ಚಿಕ್ಕದು ನೋಡಿ! ಅದೇ ಕಾಲನ್ನು ಇಂಟರ್ನೆಟ್ ಮೂಲಕ ಡೆಸ್ಕ್ ಫೋನಿಗೋ ಆ್ಯಪಿಗೋ ತಗೊಂಡರೆ ಎರಡನೇ ಚಾರ್ಜ್ ಕಡಿಮೆಯಾಗಬಹುದು, ಕೆಲವು ಪ್ಲಾನ್‌ಗಳಲ್ಲಿ ಇರುವುದೇ ಇಲ್ಲ. ಬಾಯಿಮಾತು ಬೇಡ, ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ.

ಸ್ವಾಗತದ ಮೆಸೇಜ್ ಕೂಡ ದುಡ್ಡೇ. ಐವಿಆರ್, ಅಂದರೆ ‘ಇದಕ್ಕೆ ಒಂದು ಒತ್ತಿ’ ಅನ್ನುವ ರೆಕಾರ್ಡ್ ಮಾಡಿದ ದನಿ, ಕಾಲ್ ಎತ್ತಿದ ಕ್ಷಣದಿಂದ ಮೀಟರ್ ಓಡುತ್ತದೆ. ನಾನು ನಮ್ಮ ಪಂಪ್ ಸ್ಪೇರ್ಸ್ ಅಂಗಡಿಗೆ ಮೊದಲು 40 ಸೆಕೆಂಡಿನ ಮೆಸೇಜ್ ಹಾಕಿಸಿದ್ದೆ, ಅಂಗಡಿಯ ಹೆಸರು, ಎಷ್ಟು ವರ್ಷದ ಅನುಭವ, ಆಮೇಲೆ ಸಂಗೀತ. ಹೊಲದಲ್ಲಿ ಪಂಪ್ ಕೆಟ್ಟು ನಿಂತ ರೈತರು ಅದನ್ನೆಲ್ಲಾ ಯಾಕೆ ಕೇಳಬೇಕು, ಅಲ್ವಾ? ಈಗ 8 ಸೆಕೆಂಡ್ ಅಷ್ಟೇ, ಅದೂ ಕನ್ನಡದಲ್ಲೇ ಶುರು: ಸ್ಪೇರ್ಸ್‌ಗೆ ಒಂದು, ರಿಪೇರಿಗೆ ಎರಡು.

ಕಾಗದಪತ್ರ ದೊಡ್ಡ ತಲೆನೋವಲ್ಲ. ಪ್ಯಾನ್, ಜಿಎಸ್‌ಟಿ ಸರ್ಟಿಫಿಕೇಟ್, ವಿಳಾಸದ ದಾಖಲೆ, ಸಹಿ ಹಾಕುವವರ ಗುರುತಿನ ಚೀಟಿ ಸಾಮಾನ್ಯವಾಗಿ ಕೇಳುತ್ತಾರೆ. ಫ್ಯಾನ್ಸಿ ನಂಬರಿಗೆ ಜಾಸ್ತಿ ದುಡ್ಡು ಕೇಳಿದರೆ ಬಿಟ್ಟುಬಿಡಿ. ಏಕಕಾಲಕ್ಕೆ ಎಷ್ಟು ಕಾಲ್ ಬರಬಹುದು, ಅಂದರೆ ಎಷ್ಟು ಚಾನೆಲ್, ಅದನ್ನು ಮಾತ್ರ ಖಚಿತ ಮಾಡಿಕೊಳ್ಳಿ.

ಇಂಟರ್ನೆಟ್ ಬಗ್ಗೆ ಭಯ ಬೇಡ. ಮಾಮೂಲಿ ಜಿ.711 ಕೋಡೆಕ್‌ನಲ್ಲಿ (ದನಿಯನ್ನು ಡೇಟಾ ಮಾಡುವ ವಿಧಾನ) ಒಂದು ಕಾಲಿಗೆ ಹೋಗಲು ಸುಮಾರು 90, ಬರಲು ಸುಮಾರು 90 ಕೆಬಿಪಿಎಸ್ ಇಂಟರ್ನೆಟ್ ವೇಗ ಸಾಕು. ಮಾತು ತುಂಡಾಗುವುದು ಹೆಚ್ಚಾಗಿ ಇಂಟರ್ನೆಟ್ ಒಂದೇ ಸಮ ಬರದೆ ಏರಿಳಿಯುವುದರಿಂದ. ಡೆಸ್ಕ್ ಫೋನಿಗೆ ವೈಫೈ ಬದಲು ಕೇಬಲ್ ಹಾಕಿ, ಒಂದೇ ಕಡೆಯ ಮಾತು ಕೇಳಿಸುತ್ತಿದ್ದರೆ ರೂಟರಿನಲ್ಲಿ ಸಿಪ್ ಎಎಲ್‌ಜಿ (SIP ALG, ಇಂಟರ್ನೆಟ್ ಕಾಲಿನ ನಡುವೆ ಕೈ ಹಾಕುವ ಒಂದು ಸೆಟ್ಟಿಂಗ್) ಆಫ್ ಮಾಡಿ ನೋಡಿ, ರೂಟರಿಗೆ ಯುಪಿಎಸ್ ಕೊಡಿ. ಕರೆಂಟ್ ಹೋದಾಗ ಕಾಲ್ ಮೊಬೈಲಿಗೆ ಹೋಗುವ ಹಾಗೆ ಸೆಟ್ ಮಾಡಿಸಿ. ಆ ಹೊತ್ತಿಗೆ ಎರಡು ಚಾರ್ಜ್ ಕೊಟ್ಟರೂ ಪರವಾಗಿಲ್ಲ.

ಬೋರ್ಡು, ಬಿಲ್ ಬುಕ್ಕಿನಲ್ಲಿ ನಂಬರ್ ಅಚ್ಚು ಹಾಕಿಸುವ ಮೊದಲು ಜಿಯೋ, ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ನಾಲ್ಕೂ ಸಿಮ್‌ನಿಂದ ಫೋನ್ ಮಾಡಿ ಪರೀಕ್ಷಿಸಿ. ವಿದೇಶದಿಂದ ನಮ್ಮ 1800 ಸಾಮಾನ್ಯವಾಗಿ ಸಿಗುವುದಿಲ್ಲ. ದುಬೈಯಲ್ಲಿ ಗ್ರಾಹಕರಿದ್ದರೆ ಪಕ್ಕದಲ್ಲೇ +91 ಇರುವ ಮಾಮೂಲಿ ನಂಬರನ್ನೂ ಹಾಕಿಸಿ.