ಪುಸ್ತಕದಲ್ಲಿ ಹಾಗಿಲ್ಲ ಅನ್ನುವ ಮುಂಚೆ

ಮೆಚ್ಚಿನ ಫ್ಯಾಂಟಸಿ ಕಾದಂಬರಿ ಸಿನಿಮಾ ಆಯಿತು ಅಂದರೆ ಜಗಳ ಗ್ಯಾರಂಟಿ. ಥಿಯೇಟರಿನ ಬಾಗಿಲು ದಾಟುವ ಮುಂಚೆಯೇ ಒಬ್ಬರು "ಪುಸ್ತಕದಲ್ಲಿ ಹಾಗಿಲ್ಲ" ಅನ್ನುತ್ತಾರೆ. ಇನ್ನೊಬ್ಬರು "ಪುಸ್ತಕಾನೇ ಬೇರೆ, ಸಿನಿಮಾನೇ ಬೇರೆ" ಅನ್ನುತ್ತಾರೆ. ಅಲ್ಲಿಗೆ ಮಾತು ನಿಂತುಹೋಗುತ್ತದೆ. ಇಬ್ಬರೂ ಹೇಳಿದ್ದು ನಿಜ. ಆದರೆ ಅದರಿಂದ ಯಾರಿಗೂ ಏನೂ ಗೊತ್ತಾಗಲಿಲ್ಲ.

ನಾನು ಪುಸ್ತಕದ ಕಡೆಯವಳು, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಗೆಳೆಯರ ಗುಂಪಿನಲ್ಲಿ ಈ ವಾದ ವರ್ಷಗಳಿಂದ ನಡೆದೇ ಇದೆ. ಕೆಲವು ಸಂಜೆ ಮಜವಾಗಿರುತ್ತದೆ, ಕೆಲವು ಸಂಜೆ ಮುಖ ಊದಿಸಿಕೊಂಡು ಎದ್ದು ಹೋಗುತ್ತೇವೆ. ಮಜವಾಗಿದ್ದ ಸಂಜೆಗಳಲ್ಲಿ ನಾವು ಏನು ಮಾಡುತ್ತಿದ್ದೆವು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಯಾವ ಸಿನಿಮಾ ಅಂತ ತೀರ್ಮಾನಿಸಿ

ಇದು ಚಿಕ್ಕ ಕೆಲಸ, ಬೇಗ ಮುಗಿಸಿ. 'ಲಾರ್ಡ್ ಆಫ್ ದಿ ರಿಂಗ್ಸ್' ಟೋಲ್ಕಿನ್ ಅವರ ಕಾದಂಬರಿ; ಎಲ್ಲರನ್ನೂ ಸೆಳೆದು ಕೆಡಿಸುವ ಉಂಗುರವೊಂದನ್ನು ನಾಶ ಮಾಡಲು ಫ್ರೋಡೋ ಅನ್ನುವ ಹಾಬಿಟ್ (ಕುಳ್ಳ ಜನರಲ್ಲಿ ಒಬ್ಬ) ಹೊರಟ ಕತೆ. ಅದರ ಮೂರು ಸಿನಿಮಾಗಳಿಗೆ ಥಿಯೇಟರಿಗೆ ಬಂದ ರೂಪ ಒಂದು, ಆಮೇಲೆ ಡಿವಿಡಿಯಲ್ಲಿ ಬಂದ ಉದ್ದನೆಯ ರೂಪ ಇನ್ನೊಂದು. 2003ರ ಮೂರನೇ ಭಾಗ ಥಿಯೇಟರಿಗೆ ಬಂದಾಗ ಖಳ ಮಾಂತ್ರಿಕ ಸಾರುಮಾನ್ ಅದರಲ್ಲಿ ಕಾಣಿಸುವುದೇ ಇಲ್ಲ. ಉದ್ದನೆಯ ರೂಪದಲ್ಲಿ ಅವನು ತನ್ನ ಗೋಪುರದ ಮೇಲೆ ಸಾಯುತ್ತಾನೆ. ಪುಸ್ತಕದಲ್ಲಿ ಸಾಯುವುದು ಹಾಬಿಟ್‌ಗಳ ಊರಲ್ಲಿ, ಯುದ್ಧವೆಲ್ಲ ಮುಗಿದ ಮೇಲೆ, ಫ್ರೋಡೋನ ಮನೆ ಬಾಗಿಲಲ್ಲಿ. ಒಬ್ಬರು ಒಂದು ರೂಪ, ಇನ್ನೊಬ್ಬರು ಇನ್ನೊಂದು ರೂಪ ನೋಡಿಕೊಂಡು ಬಂದರೆ ಅರ್ಧ ಗಂಟೆ ಸುಮ್ನೆ ಹಾಳು.

ಪುಸ್ತಕ ಕೈಯಲ್ಲಿ ಇರಲಿ. ನೆನಪನ್ನು ನಂಬಬೇಡಿ. ಸಿನಿಮಾವನ್ನು ನಾಲ್ಕಾರು ಸಲ ನೋಡಿದವರಿಗೆ ಪುಸ್ತಕದ ಮಾತುಗಳೂ ಆ ನಟರ ದನಿಯಲ್ಲೇ ಕೇಳಿಸತೊಡಗುತ್ತವೆ. ಸಿನಿಮಾದವರು ಬರೆದ ಸಂಭಾಷಣೆಯನ್ನು ಪುಸ್ತಕದ್ದೇ ಅಂತ ಆಣೆ ಮಾಡಿ ಹೇಳಿದವರನ್ನು ನಾನು ಕಂಡಿದ್ದೇನೆ. ಪುಟದ ಸಂಖ್ಯೆ ಹೇಳಬೇಡಿ, ಒಂದೊಂದು ಮುದ್ರಣದಲ್ಲಿ ಒಂದೊಂದು ಇರುತ್ತದೆ. ಅಧ್ಯಾಯದ ಹೆಸರು ಹೇಳಿ.

ದೂರನ್ನು ಮೂರು ಗುಡ್ಡೆ ಮಾಡಿ

ಬಿಟ್ಟಿದ್ದು, ಬದಲಿಸಿದ್ದು, ಸೇರಿಸಿದ್ದು. ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕಿದರೆ ವಾದ ಹಳಿ ತಪ್ಪುತ್ತದೆ.

ಬಿಟ್ಟಿದ್ದರ ಬಗ್ಗೆ ಜನ ಜಾಸ್ತಿ ಕೂಗಾಡುತ್ತಾರೆ. ನನ್ನ ಪ್ರಕಾರ ಅದು ಎಲ್ಲಕ್ಕಿಂತ ಸಣ್ಣ ಅಪರಾಧ. ಮೂರು ಗಂಟೆಯ ಸಿನಿಮಾಕ್ಕೆ ಸಾವಿರ ಪುಟ ತುಂಬುವುದು ಆಗದ ಮಾತು. ಸೇರಿಸಿದ್ದರ ಬಗ್ಗೆ ನನಗೆ ತಾಳ್ಮೆ ಕಡಿಮೆ. ಟೋಲ್ಕಿನ್ ಅವರದೇ 'ದಿ ಹಾಬಿಟ್' 1937ರಲ್ಲಿ ಬಂದ ಒಂದೇ ಒಂದು ಮಕ್ಕಳ ಪುಸ್ತಕ. ಅದನ್ನು 2012, 2013, 2014ರಲ್ಲಿ ಮೂರು ಸಿನಿಮಾ ಮಾಡಿದರು. ಪುಸ್ತಕದಲ್ಲಿ ಇಲ್ಲದ ಟಾರಿಯೆಲ್ ಅನ್ನುವ ಯೋಧೆ ಬಂದಳು, 'ಲಾರ್ಡ್ ಆಫ್ ದಿ ರಿಂಗ್ಸ್' ಕತೆಯ ಲೆಗೊಲಾಸ್ ಬಂದ, ಒಂದು ಪ್ರೇಮಕತೆಯೂ ಬಂತು. ಇಲ್ಲಿ ಜಾಗ ಸಾಲಲಿಲ್ಲ ಅನ್ನುವ ನೆಪ ನಡೆಯುವುದಿಲ್ಲ, ಅಲ್ವಾ? ಟಾರಿಯೆಲ್ ಅಂದರೆ ಜೀವ ಬಿಡುವ ಗೆಳತಿಯೊಬ್ಬಳಿದ್ದಾಳೆ. ಇಡೀ ಪುಸ್ತಕದಲ್ಲಿ ಒಬ್ಬ ಹೆಂಗಸಿಗೂ ಕೆಲಸ ಇಲ್ಲವಲ್ಲ ಅನ್ನುತ್ತಾಳೆ. ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ.

ದಾರ ಎಳೆದು ನೋಡಿ

ಈ ಬರಹದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. "ಅದು ಸಿನಿಮಾದಲ್ಲಿ ಇದೆಯಾ?" ಅಂತ ಕೇಳಬೇಡಿ. "ಅದು ಪುಸ್ತಕದಲ್ಲಿ ಏನು ಕೆಲಸ ಮಾಡುತ್ತಿತ್ತು? ಆ ಕೆಲಸ ಈಗ ಯಾರು ಮಾಡುತ್ತಿದ್ದಾರೆ?" ಅಂತ ಕೇಳಿ. ಬಟ್ಟೆಯಿಂದ ಒಂದು ದಾರ ಎಳೆದಂತೆ. ಕೆಲವು ದಾರ ಸಲೀಸಾಗಿ ಬಂದುಬಿಡುತ್ತವೆ, ಕೆಲವು ಎಳೆದರೆ ತೋಳೇ ಕಳಚುತ್ತದೆ.

'ಲಾರ್ಡ್ ಆಫ್ ದಿ ರಿಂಗ್ಸ್' ಪುಸ್ತಕದ ಟಾಮ್ ಬಾಂಬಡಿಲ್‌ನನ್ನು ತೆಗೆದುಕೊಳ್ಳಿ. ಕಾಡಿನಲ್ಲಿ ಹಾಡುತ್ತಾ ಕುಣಿಯುತ್ತಾ ಇರುವ ಈ ಮನುಷ್ಯ ಸಿನಿಮಾದಲ್ಲಿ ಇಲ್ಲ. ಅಭಿಮಾನಿಗಳ ಅತಿ ಹಳೆಯ ದೂರು ಇದೇ. ಎಳೆದು ನೋಡಿದರೆ ಕತೆ ಹೆಚ್ಚುಕಡಿಮೆ ಹಾಗೇ ನಿಲ್ಲುತ್ತದೆ. ಒಂದು ಕಡೆ ಮಾತ್ರ ತೂತು ಬೀಳುತ್ತದೆ. ಪುಸ್ತಕದಲ್ಲಿ ಹಳೇ ಸಮಾಧಿಯಿಂದ ಹಾಬಿಟ್‌ಗಳನ್ನು ಬಿಡಿಸಿ, ಅಲ್ಲಿದ್ದ ಪುರಾತನ ಕತ್ತಿಗಳನ್ನು ಅವರ ಕೈಗೆ ಕೊಡುವವನು ಬಾಂಬಡಿಲ್. ಮುಂದೆ ಪ್ರೇತ ಸವಾರರಾದ ನಾಜ್ಗುಲ್‌ಗಳ ಒಡೆಯನಿಗೆ ಹಾಬಿಟ್ ಮೆರಿ ಇರಿಯುವುದು ಆ ಕತ್ತಿಯಿಂದ. ಆ ಒಡೆಯನ ಶತ್ರುಗಳೇ ಹಿಂದೊಮ್ಮೆ ಮಂತ್ರ ಹಾಕಿ ಮಾಡಿದ ಕತ್ತಿ ಅದು, ಅದಕ್ಕೇ ಆ ಏಟು ತಾಗುತ್ತದೆ. ಸಿನಿಮಾದಲ್ಲಿ ಅವರ ಜೊತೆಗಾರ ಅರಗಾರ್ನ್ ಎಲ್ಲಿಂದಲೋ ಕತ್ತಿಗಳನ್ನು ತಂದು ಕೊಡುತ್ತಾನೆ, ಅಷ್ಟೇ. ಏಟಿನ ಕಾರಣ ಮಾಯ. ಆದರೆ ನೋಡುವವರಿಗೆ ಆ ತೂತು ಕಾಣುವುದಿಲ್ಲ. ಬಾಂಬಡಿಲ್ ವಿಷಯದಲ್ಲಿ ನಾನು ಸಿನಿಮಾದವರನ್ನು ಬಿಟ್ಟುಬಿಡುತ್ತೇನೆ.

ಹ್ಯಾರಿ ಪಾಟರ್ ಮೂರನೇ ಕತೆಯಲ್ಲಿ ಹಾಗಲ್ಲ. 1999ರ ಪುಸ್ತಕದಲ್ಲಿ, ಶಾಲೆಯಲ್ಲಿ ಯಾರು ಎಲ್ಲಿದ್ದಾರೆ ಅಂತ ತೋರಿಸುವ ಮಾಯದ ನಕ್ಷೆ ಮಾಡಿದ್ದು ಯಾರು ಅನ್ನುವುದು ಗೊತ್ತಾಗುತ್ತದೆ: ಹ್ಯಾರಿಯ ಅಪ್ಪ ಮತ್ತು ಅವನ ಮೂವರು ಗೆಳೆಯರು. ಅಪ್ಪ ಜಿಂಕೆಯಾಗಿ ರೂಪ ಬದಲಿಸುತ್ತಿದ್ದ ಅನ್ನುವುದೂ ಗೊತ್ತಾಗುತ್ತದೆ. 2004ರ ಸಿನಿಮಾದಲ್ಲಿ ಈ ಎರಡು ಮಾತೂ ಇಲ್ಲ. ಪುಸ್ತಕ ಓದದ ನಮ್ಮಕ್ಕನ ಮಗನ ಜೊತೆ ಕೂತು ನೋಡುತ್ತಿದ್ದೆ. ಕೆರೆಯ ದಡದಲ್ಲಿ ಬೆಳ್ಳಗೆ ಹೊಳೆಯುವ ಜಿಂಕೆ ಬಂತು. "ಚಿಕ್ಕಮ್ಮ, ಜಿಂಕೆ ಯಾಕೆ ಬಂತು?" ಅಂದ. ಸಿನಿಮಾ ನಿಲ್ಲಿಸಿ ನಾನೇ ಹೇಳಬೇಕಾಯಿತು. "ಅಯ್ಯೋ, ಅಂದ್ರೆ ಅದು ಅವರಪ್ಪಾನಾ?" ಅಂತ ಎದ್ದು ಕೂತ. ಆ ಎದ್ದು ಕೂರುವಿಕೆಯನ್ನು ಸಿನಿಮಾ ಕಳೆದುಕೊಂಡಿತ್ತು. ಒಂದು ನಿಮಿಷದ ಮಾತು ಸಾಕಿತ್ತು.

ಇದರಿಂದ ಒಂದು ಉಪಾಯ ಸಿಗುತ್ತದೆ. ಪುಸ್ತಕ ಓದದ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ. ಅವರು ಎಲ್ಲಿ "ಯಾಕೆ?" ಅನ್ನುತ್ತಾರೋ ಅಲ್ಲಿ ಬರೆದಿಟ್ಟುಕೊಳ್ಳಿ. ಓದಿದವರಿಗೆ ಆ ಜಾಗಗಳು ಕಾಣುವುದಿಲ್ಲ, ತಲೆಯೇ ತುಂಬಿಸಿಕೊಂಡುಬಿಡುತ್ತದೆ.

ಲೋಕದ ನಿಯಮ ಮುರಿದಿದೆಯಾ ನೋಡಿ

ಫ್ಯಾಂಟಸಿಗೆ ಇದು ಬೇರೆಲ್ಲ ಕತೆಗಳಿಗಿಂತ ಮುಖ್ಯ. ಆ ಲೋಕದಲ್ಲಿ ಮಂತ್ರ ಹೇಗೆ ನಡೆಯುತ್ತದೆ, ಅದಕ್ಕೆ ಏನು ಬೆಲೆ ತೆರಬೇಕು ಅನ್ನುವುದೇ ಅನೇಕ ಸಲ ಕತೆಯ ಜೀವ. ಬಟ್ಟೆಬರೆ, ಕೂದಲಿನ ಬಣ್ಣ ಬದಲಾದರೆ ನಾನು ಗಲಾಟೆ ಮಾಡುವುದಿಲ್ಲ. 1900ರ 'ವಿಝರ್ಡ್ ಆಫ್ ಆಝ್' ಪುಸ್ತಕದಲ್ಲಿ ಡೊರೊಥಿಯ ಬೂಟು ಬೆಳ್ಳಿಯದು. 1939ರ ಸಿನಿಮಾದಲ್ಲಿ ಮಾಣಿಕ್ಯದ ಕೆಂಪು, ಯಾಕೆಂದರೆ ಬಣ್ಣದ ಸಿನಿಮಾದಲ್ಲಿ ಕೆಂಪು ಎದ್ದು ಕಾಣುತ್ತದೆ. ಬೂಟಿನ ಕೆಲಸ ಬದಲಾಗಲಿಲ್ಲ, ಅವಳನ್ನು ಮನೆ ಸೇರಿಸುತ್ತದೆ. ಸರಿ. ಆದರೆ ಅದೇ ಸಿನಿಮಾ ಇಡೀ ಆಝ್ ದೇಶವನ್ನೇ ಕನಸು ಮಾಡಿಬಿಟ್ಟಿತು. ಪುಸ್ತಕದಲ್ಲಿ ಅದು ನಿಜವಾದ ದೇಶ. ಜಗಳ ಆಡುವುದಾದರೆ ಅದಕ್ಕೆ ಆಡಿ, ಬೂಟಿಗಲ್ಲ.

ಇನ್ನೂ ದೊಡ್ಡ ಉದಾಹರಣೆ 'ನೆವರ್ ಎಂಡಿಂಗ್ ಸ್ಟೋರಿ'. ಮಿಖಾಯೆಲ್ ಎಂಡೆ ಬರೆದ ಈ ಜರ್ಮನ್ ಕಾದಂಬರಿ ಬಂದದ್ದು 1979ರಲ್ಲಿ, ಸಿನಿಮಾ 1984ರಲ್ಲಿ. ಸಿನಿಮಾ ಹೆಚ್ಚುಕಡಿಮೆ ಪುಸ್ತಕದ ಅರ್ಧಕ್ಕೇ ನಿಲ್ಲುತ್ತದೆ. ಆ ಉಳಿದರ್ಧದಲ್ಲಿ ಏನಿದೆ ಗೊತ್ತಾ? ಕತೆಯ ಹುಡುಗ ಬಾಸ್ಟಿಯನ್ ಬೇಡಿಕೊಂಡ ಒಂದೊಂದು ಆಸೆಯೂ ಈಡೇರುತ್ತದೆ, ಒಂದೊಂದಕ್ಕೂ ಅವನ ಒಂದೊಂದು ನೆನಪು ಅಳಿಸಿಹೋಗುತ್ತದೆ. ಕೊನೆಗೆ ತನ್ನ ಹೆಸರೇ ಮರೆಯುವ ಸ್ಥಿತಿಗೆ ಬರುತ್ತಾನೆ. ಸಿನಿಮಾ ಮುಗಿಯುವುದು ಹೇಗೆ? ಹುಡುಗ ಡ್ರ್ಯಾಗನ್ ಫಾಲ್ಕೋರ್‌ನ ಮೇಲೆ ಕೂತು ಹಾರಿ, ತನಗೆ ಕಾಟ ಕೊಟ್ಟ ಹುಡುಗರನ್ನು ಅಟ್ಟಾಡಿಸುತ್ತಾನೆ. ಆಸೆ ಪಟ್ಟ, ಸಿಕ್ಕಿತು, ಬೆಲೆ ಏನೂ ಇಲ್ಲ. ಪುಸ್ತಕ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಎಂಡೆ ಸಿನಿಮಾದಿಂದ ತಮ್ಮ ಹೆಸರು ತೆಗೆಯಿರಿ ಅಂದದ್ದರಲ್ಲಿ ನನಗೇನೂ ಆಶ್ಚರ್ಯ ಇಲ್ಲ. ಇದು ಮೇಲುನೋಟಕ್ಕೆ 'ಬಿಟ್ಟಿದ್ದು' ಗುಡ್ಡೆಗೆ ಸೇರುತ್ತದೆ. ದಾರ ಎಳೆದರೆ ಗೊತ್ತಾಗುತ್ತದೆ, ಅಂಗಿಯೇ ಉಳಿದಿಲ್ಲ.

ಎದುರಿನವರ ಪರವಾಗಿ ಒಮ್ಮೆ ವಾದಿಸಿ

ಸಿನಿಮಾದವರು ಯಾಕೆ ಹಾಗೆ ಮಾಡಿದರು ಅನ್ನುವುದನ್ನು ನೀವೇ ಹೇಳಿ ನೋಡಿ. ಕಾರಣ ಗೊತ್ತಾದ ಮಾತ್ರಕ್ಕೆ ಒಪ್ಪಬೇಕು ಅಂತಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು 'ಲಾರ್ಡ್ ಆಫ್ ದಿ ರಿಂಗ್ಸ್' ಕತೆಯ ಸೇನಾನಾಯಕ ಫರಾಮಿರ್ ವಿಷಯಕ್ಕೆ. ಅದನ್ನೇ ಹೇಳುತ್ತೇನೆ.

ಪುಸ್ತಕದಲ್ಲಿ ಹೀಗಿದೆ. ಜಲಪಾತದ ಹಿಂದಿನ ಗುಹೆ. ಊಟ ಆಗಿದೆ. ಫ್ರೋಡೋನ ಜೊತೆಗಾರ ಸ್ಯಾಮ್ ಮಾತಿನ ಭರದಲ್ಲಿ ಉಂಗುರದ ಗುಟ್ಟು ಬಾಯಿಬಿಡುತ್ತಾನೆ. ಫರಾಮಿರ್ ಎದ್ದು ನಿಲ್ಲುತ್ತಾನೆ. ತನ್ನ ಯೋಗ್ಯತೆ ಏನು ಅಂತ ತೋರಿಸಲು ಇದೇ ಅವಕಾಶ ಅನ್ನುತ್ತಾನೆ. ಫ್ರೋಡೋ, ಸ್ಯಾಮ್ ಗೋಡೆಗೆ ಬೆನ್ನು ಹಚ್ಚಿ ಕತ್ತಿಗೆ ತಡಕಾಡುತ್ತಾರೆ. ಗುಹೆಯಲ್ಲಿ ಎಲ್ಲರ ಮಾತೂ ನಿಲ್ಲುತ್ತದೆ. ಆಗ ಫರಾಮಿರ್ ಮತ್ತೆ ಕುರ್ಚಿಯಲ್ಲಿ ಕೂತು ಮೆಲ್ಲಗೆ ನಗುತ್ತಾನೆ. ದಾರಿಯಲ್ಲಿ ಬಿದ್ದಿದ್ದರೂ ನಾನು ಅದನ್ನು ಎತ್ತಿಕೊಳ್ಳುವುದಿಲ್ಲ ಅಂತ ಆಗಲೇ ಹೇಳಿದ್ದ. ಆ ಮಾತಿಗೆ ನಿಲ್ಲುತ್ತಾನೆ.

2002ರ ಸಿನಿಮಾದಲ್ಲಿ ಯೋಗ್ಯತೆ ತೋರಿಸುವ ಆ ಮಾತು ಇದೆ. ಆದರೆ ಅದನ್ನು ಹೇಳುವಾಗ ಫರಾಮಿರ್ ಕತ್ತಿಯ ತುದಿಯಿಂದ ಫ್ರೋಡೋನ ಕೊರಳ ಸರವನ್ನು ಎತ್ತಿ ಉಂಗುರ ನೋಡುತ್ತಿರುತ್ತಾನೆ. ಆಮೇಲೆ ಅವರಿಬ್ಬರನ್ನೂ ಹಿಡಿದು ಒಸ್ಗಿಲಿಯಾತ್ ಅನ್ನುವ ಪಾಳುಬಿದ್ದ ಊರಿನ ತನಕ ಎಳೆದುಕೊಂಡು ಹೋಗುತ್ತಾನೆ.

ಸಿನಿಮಾದ ಪರ ಹೇಳುವುದಾದರೆ: ಜೇಡ ಶೆಲೋಬ್‌ನ ಪ್ರಸಂಗವನ್ನು ಮೂರನೇ ಭಾಗಕ್ಕೆ ತಳ್ಳಿದ್ದರು. ಹಾಗಾಗಿ ಎರಡನೇ ಭಾಗದಲ್ಲಿ ಫ್ರೋಡೋನಿಗೆ ಕೊನೆಯಲ್ಲಿ ಒಂದು ಗಂಡಾಂತರ ಬೇಕಿತ್ತು. ಎಲ್ಲರನ್ನೂ ಸೆಳೆಯುವ ಉಂಗುರ ಅಂತ ಮೂರು ಗಂಟೆ ಹೆದರಿಸಿ, ಒಬ್ಬ ಬಂದು "ನನಗೆ ಬೇಡ" ಅಂದುಬಿಟ್ಟರೆ ಆ ಹೆದರಿಕೆಯ ಗತಿ ಏನು? ಗೆಳತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾಳೆ. ಬೇಕು ಅನ್ನಿಸಿ ಆಮೇಲೆ ಬಿಟ್ಟುಕೊಡುವವನೇ ದೊಡ್ಡವನು, ಬೇಕು ಅಂತಲೇ ಅನ್ನಿಸದವನದೇನು ಮಹಾ ಅನ್ನುತ್ತಾಳೆ. ಒಳ್ಳೆಯ ವಾದ. ನನ್ನ ಉತ್ತರ ಇಷ್ಟು: ಅಣ್ಣ ಬೊರೊಮಿರ್ ಉಂಗುರದ ಆಸೆಗೆ ಜಾರಿದ ಜಾಗದಲ್ಲಿ ತಮ್ಮ ಜಾರಲಿಲ್ಲ ಅನ್ನುವುದು ಪುಸ್ತಕದಲ್ಲಿ ಒಂದು ದೊಡ್ಡ ಸಮಾಧಾನ. ಸಿನಿಮಾದಲ್ಲಿ ಇಬ್ಬರೂ ಜಾರುತ್ತಾರೆ, ಒಬ್ಬ ಏಳುತ್ತಾನೆ. ನಾವಿಬ್ಬರೂ ಇನ್ನೂ ಒಪ್ಪಿಲ್ಲ. ಆದರೆ ಈಗ ಜಗಳ ಯಾವುದರ ಬಗ್ಗೆ ಅಂತ ಇಬ್ಬರಿಗೂ ಗೊತ್ತು.

ಇಂಥ ಕಡೆ ಒಂದು ಲೆಕ್ಕ ಚುಕ್ತಾ ಮಾಡುವ ಪದ್ಧತಿ ಇಟ್ಟುಕೊಳ್ಳಿ. ದೂರು ಹೇಳಿದವರು ಸಿನಿಮಾ ಪುಸ್ತಕಕ್ಕಿಂತ ಚೆನ್ನಾಗಿ ಮಾಡಿದ ಒಂದು ವಿಷಯವನ್ನೂ ಹೇಳಬೇಕು. ನನ್ನದು ಬೊರೊಮಿರ್‌ನ ಸಾವು. ಪುಸ್ತಕದಲ್ಲಿ ಕಾಳಗ ಮುಗಿದ ಮೇಲೆ ಅರಗಾರ್ನ್ ಅವನನ್ನು ಕಾಣುತ್ತಾನೆ, ಕಾಳಗ ನಮಗೆ ಕಾಣುವುದಿಲ್ಲ. ಸಿನಿಮಾ ತೋರಿಸಿತು. ಒಂದೊಂದು ಬಾಣ ತಾಗಿದಾಗಲೂ ಮತ್ತೆ ಏಳುವುದನ್ನು ತೋರಿಸಿತು.

ಲೇಖಕರನ್ನು ಸಾಕ್ಷಿ ಮಾಡಿ, ಜಡ್ಜ್ ಮಾಡಬೇಡಿ

"ಬರೆದವರೇ ಒಪ್ಪಿದ್ದಾರೆ", "ಬರೆದವರಿಗೇ ಇಷ್ಟ ಆಗಲಿಲ್ಲ" ಅಂತ ಬಾಯಿ ಮುಚ್ಚಿಸುವವರಿದ್ದಾರೆ. ಎಂಡೆಗೆ ಸಿಟ್ಟು ಬಂತು, ನಿಜ. ಆದರೆ 'ಹೌಲ್ಸ್ ಮೂವಿಂಗ್ ಕ್ಯಾಸಲ್' ಬರೆದ ಡಯಾನಾ ವಿನ್ ಜೋನ್ಸ್ ಅವರಿಗೆ ಜಪಾನಿನ ನಿರ್ದೇಶಕ ಮಿಯಾಝಾಕಿ 2004ರಲ್ಲಿ ಮಾಡಿದ ಸಿನಿಮಾ ಇಷ್ಟವಾಗಿತ್ತು. ಅದರಲ್ಲಿ ಯುದ್ಧ ಉಬ್ಬಿ ದೊಡ್ಡದಾಗಿದೆ, ಪುಸ್ತಕದ ಖಳನಾಯಕಿ ಮನೆಯೊಳಗಿನ ಮುದುಕಿಯಾಗಿದ್ದಾಳೆ.

ಟೋಲ್ಕಿನ್ ಅವರದು ಇನ್ನೂ ಮಜ. 1958ರಲ್ಲಿ ಅವರ ಕೈಗೆ 'ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾದ ಒಂದು ಚಿತ್ರಕತೆಯ ಕರಡು ಬಂತು. ಕೆಂಡವಾಗಿ ಉದ್ದನೆಯ ಟಿಪ್ಪಣಿ ಬರೆದರು. ಅದರಲ್ಲೇ, ನಡೆಯುವ ಮರಗಳಂಥ ಎಂಟ್‌ಗಳಿಗೂ ಹೆಲ್ಮ್ಸ್ ಡೀಪ್ ಕೋಟೆಯ ಯುದ್ಧಕ್ಕೂ ಸಾಕಷ್ಟು ಜಾಗ ಇಲ್ಲದಿದ್ದರೆ ಯುದ್ಧವನ್ನೇ ಬಿಡಿ, ಮುಖ್ಯ ಕತೆಗೆ ಅದು ಅಷ್ಟು ಬೇಕಿಲ್ಲ ಅಂದರು. 2002ರ ಸಿನಿಮಾದಲ್ಲಿ ಅತಿ ದೊಡ್ಡದಾಗಿ ಮಾಡಿದ್ದು ಅದೇ ಯುದ್ಧವನ್ನು! ನನ್ನ ಪುಸ್ತಕದ ಕಡೆಯವರಿಗೆ ಈ ಸಂಗತಿ ಹೇಳಿದರೆ ಕೆಲವರು ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ.

ಕೊನೆಗೆ ಒಂದು ಎಚ್ಚರಿಕೆ. ಯಾರಾದರೂ "ಫ್ರೋಡೋ ಹದ್ದುಗಳ ಮೇಲೆ ಕೂತು ಸೀದಾ, ಉಂಗುರ ನಾಶ ಮಾಡಬೇಕಿದ್ದ ಮೊರ್ಡೋರ್‌ಗೆ ಹಾರಿಬಿಡಬಹುದಿತ್ತಲ್ಲ?" ಅಂತ ಎತ್ತಿದರೆ ಅಲ್ಲೇ ತಡೆಯಿರಿ. ಹದ್ದುಗಳು ಪುಸ್ತಕದಲ್ಲೂ ಹಾಗೇ ಇವೆ, ಸಿನಿಮಾದಲ್ಲೂ ಹಾಗೇ ಇವೆ. ಪುಸ್ತಕಕ್ಕೆ ನಿಷ್ಠೆ ಇತ್ತೋ ಇಲ್ಲವೋ ಅನ್ನುವ ಜಗಳಕ್ಕೆ ಅದು ಸಂಬಂಧವೇ ಇಲ್ಲ. ಅದಕ್ಕೆ ಬೇರೆ ಸಂಜೆ ಇಟ್ಟುಕೊಳ್ಳಿ. ಊಟ ಮುಗಿಸಿಕೊಂಡೇ ಕೂರಿ, ಅದು ಬೇಗ ಮುಗಿಯುವಂಥದ್ದಲ್ಲ.