ಹಸಿ ಬಾದಾಮಿ, ಹಸಿ ಕಡಲೆಬೀಜ: ಸರಿಯಾದದ್ದನ್ನು ಹುಡುಕಿ, ನೆನೆಸಿ, ಒಣಗಿಸುವುದು ಹೇಗೆ?

ಹೋದ ಶ್ರಾವಣದಲ್ಲಿ ಪಕ್ಕದ ಮನೆಯ ಹುಡುಗಿ ಗಾಜಿನ ಜಾಡಿ ಹಿಡಿದುಕೊಂಡು ಬಂದಳು. "ಅಕ್ಕಾ, ಇದು ಯಾಕೆ ಹೀಗೆ ವಾಸನೆ ಬರ್ತಿದೆ ನೋಡಿ" ಅಂದಳು. ಜಾಡಿಯಲ್ಲಿ ಒಂದು ಕೆಜಿ ಬಾದಾಮಿ. ಬೇಯಿಸದ ಆಹಾರದ ಪಥ್ಯ ಶುರು ಮಾಡಿ ಹದಿನೈದು ದಿನ ಆಗಿತ್ತಂತೆ. ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯ ಮೇಲೆ ಹರವಿ, ಸಂಜೆ ಜಾಡಿಗೆ ತುಂಬಿ ಮುಚ್ಚಳ ಬಿಗಿ ಮಾಡಿದ್ದಳು. ತೆಗೆದು ನೋಡಿದರೆ ಮುಗ್ಗಲು ವಾಸನೆ. ತಳದಲ್ಲಿದ್ದ ಬೀಜಗಳ ಮೂತಿಯಲ್ಲಿ ಬೂದು ಬಣ್ಣದ ಬೂಷ್ಟು. ಅಷ್ಟನ್ನೂ ಎಸೆಯಬೇಕಾಯಿತು. ಇಂಥ ಜಾಡಿಗಳನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ. ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಆ ಬೀಜಗಳಿಗೆ ಕೊಟ್ಟ ದುಡ್ಡು ಕಡಿಮೆಯೇನಲ್ಲ ಅಲ್ವಾ?

ಈ ಪಥ್ಯ ಯಾರಿಗೆ ಬೇಕು, ಯಾರಿಗೆ ಬೇಡ ಅನ್ನುವುದು ಬೇರೆ ಮಾತು. ಮಾಡುವುದೇ ಆದರೆ ಸರಿಯಾಗಿ ಮಾಡಬೇಕು. ಪಾಲಿಸುವವರ ಲೆಕ್ಕ ಸರಳ: ಸುಮಾರು 48 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾದ ಪದಾರ್ಥ ಹಸಿಯಲ್ಲ. ಹುರಿದದ್ದು, ಬೇಯಿಸಿದ್ದು, ಹಬೆ ತಾಗಿದ್ದು ಎಲ್ಲವೂ ಪಟ್ಟಿಯಿಂದ ಹೊರಗೆ.

ಹೆಜ್ಜೆ 1: ಚೀಟಿ ಬಿಡಿ, ಚಿಪ್ಪು ನೋಡಿ

ಅಂಗಡಿಯಲ್ಲಿ 'ಹಸಿ' ಅಂದರೆ 'ಹುರಿದಿಲ್ಲ, ಉಪ್ಪು ಹಾಕಿಲ್ಲ' ಅಂತ ಅಷ್ಟೇ ಅರ್ಥ. ಚಿಪ್ಪಿನಿಂದ ತಿರುಳು ಹೇಗೆ ಹೊರಗೆ ಬಂತು ಅನ್ನುವುದನ್ನು ಯಾವ ಪ್ಯಾಕೆಟ್ಟೂ ಹೇಳುವುದಿಲ್ಲ. ಕೇಳಬೇಕಾದ್ದು ಅದನ್ನೇ.

ಮೊದಲು ಗೋಡಂಬಿ. ಜಾಸ್ತಿ ಜನ ಮೋಸ ಹೋಗುವುದು ಇಲ್ಲೇ. ಗೇರುಬೀಜದ ಚಿಪ್ಪಿನ ಎರಡು ಪದರಗಳ ನಡುವೆ ಜೇನುಗೂಡಿನಂಥ ಜಾಗವಿದೆ. ಅದರ ತುಂಬ ಚರ್ಮ ಸುಡುವ ಎಣ್ಣೆ. ಅದಕ್ಕೇ ಕಾರ್ಖಾನೆಯಲ್ಲಿ ಬೀಜವನ್ನು ಮೊದಲು ಹಬೆಯಲ್ಲಿ ಬೇಯಿಸುತ್ತಾರೆ, ಇಲ್ಲವೇ ಹುರಿಯುತ್ತಾರೆ. ಆರಿದ ಮೇಲೆ ಕತ್ತರಿಸಿ ತಿರುಳು ತೆಗೆಯುತ್ತಾರೆ. ಆಮೇಲೆ ಸಿಪ್ಪೆ ಬಿಡಲಿ ಅಂತ ಬೋರ್ಮದಲ್ಲಿ, ಅಂದರೆ ಒಣಗಿಸುವ ಬಿಸಿ ಕೋಣೆಯಲ್ಲಿ, 70 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಬೆಳ್ಳಗೆ ಕಾಣುವ ಗೋಡಂಬಿ ಎರಡು ಸಲ ಬಿಸಿ ಕಂಡೇ ನಿಮ್ಮ ಕೈಗೆ ಬಂದಿರುತ್ತದೆ. ಪ್ಯಾಕೆಟ್ಟಿನ ಮೇಲೆ ಬರೆದಿರುವ 240, 320 ಅನ್ನುವುದು ಒಂದು ಪೌಂಡಿಗೆ ಎಷ್ಟು ಬೀಜ ಅನ್ನುವ ಗಾತ್ರದ ಲೆಕ್ಕ. ಹಸಿತನಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಂತ ಹಸಿ ಗೇರುಬೀಜ ತಂದು ಮನೆಯಲ್ಲಿ ಒಡೆಯಲು ಹೋಗಬೇಡಿ. ಪುತ್ತೂರಿನ ನನ್ನ ಚಿಕ್ಕಮ್ಮ ಬೇಸಿಗೆಯಲ್ಲಿ ಎಳೆ ಗೇರುಬೀಜ ಬಿಡಿಸುತ್ತಾರೆ. ಕೂರುವ ಮುಂಚೆ ಎರಡೂ ಕೈಗೆ ಮೊಣಕೈವರೆಗೆ ತೆಂಗಿನೆಣ್ಣೆ ಸವರಿಕೊಳ್ಳುತ್ತಾರೆ. ಕತ್ತಿಯ ಅಲಗಿನಲ್ಲಿ ಬೀಜವನ್ನು ಉದ್ದಕ್ಕೆ ಸೀಳಿ, ಕಡ್ಡಿಯ ತುದಿಯಿಂದ ತಿರುಳು ಮೀಟಿ ತೆಗೆಯುತ್ತಾರೆ. ಅಷ್ಟು ಜಾಗ್ರತೆ ಮಾಡಿದರೂ ಹೆಬ್ಬೆರಳಿನ ಚರ್ಮ ಕಪ್ಪಾಗಿ, ವಾರದ ನಂತರ ಸುಲಿದು ಬರುತ್ತದೆ. ಅಷ್ಟು ಪಾಡು ಪಟ್ಟ ತಿರುಳೂ ಕೊನೆಗೆ ಬಾಣಲೆಗೇ ಹೋಗುತ್ತದೆ, ತೊಂಡೆಕಾಯಿ ಪಲ್ಯಕ್ಕೆ. ಕಟ್ಟುನಿಟ್ಟಾಗಿ ಪಥ್ಯ ಮಾಡುವವರು ಗೋಡಂಬಿಯನ್ನು ಬಿಟ್ಟುಬಿಡಿ. ಬೇರೆ ದಾರಿ ಇಲ್ಲ.

ಬಾದಾಮಿಯದು ಬೇರೆ ಕಥೆ. ಅಮೆರಿಕದಿಂದ ಬರುವ ನೆಂಟರು 'ರಾ' ಎಂದು ಬರೆದ ಪ್ಯಾಕೆಟ್ ತಂದುಕೊಟ್ಟರೆ ಪ್ರೀತಿಯಿಂದ ತಗೊಳ್ಳಿ, ಆದರೆ ಹಸಿ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಬಾದಾಮಿಯಿಂದ 2001 ಮತ್ತು 2004ರ ಸುಮಾರಿಗೆ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾದ ಸೋಂಕು ಹರಡಿತ್ತು. ಅದಾದ ಮೇಲೆ, 2007ರ ಸೆಪ್ಟೆಂಬರ್‌ನಿಂದ, ಅಲ್ಲಿ ಅಂಗಡಿಗೆ ಬರುವ ಕ್ಯಾಲಿಫೋರ್ನಿಯಾ ಬಾದಾಮಿಯನ್ನು ಪಾಶ್ಚರೀಕರಿಸಲೇಬೇಕು, ಅಂದರೆ ರೋಗಾಣು ಸಾಯಿಸಲೇಬೇಕು. ಹಬೆಯಿಂದಲೋ, ಪ್ರೊಪಿಲೀನ್ ಆಕ್ಸೈಡ್ ಅನ್ನುವ ಅನಿಲದಿಂದಲೋ ಮಾಡುತ್ತಾರೆ. ಅದಾದ ಮೇಲೂ 'ರಾ' ಅಂತ ಬರೆಯಲು ಅಡ್ಡಿಯಿಲ್ಲ. ಭಾರತಕ್ಕೆ ರಫ್ತಾಗುವ ಮಾಲಿಗೆ ಆ ಕಡ್ಡಾಯ ಇಲ್ಲ. ಜೊತೆಗೆ ನಮ್ಮ ದೇಶ ಬಹುಪಾಲು ತರಿಸುವುದು ಚಿಪ್ಪಿನ ಸಮೇತ, ಒಡೆಯುವುದು ಇಲ್ಲೇ. ಹಾಗಾಗಿ ನಮ್ಮ ಅಂಗಡಿಯ ಬಾದಾಮಿ ನಿಜವಾಗಿ ಹಸಿ ಇರುವ ಸಾಧ್ಯತೆಯೇ ಜಾಸ್ತಿ. ಪೂರ್ತಿ ಖಾತ್ರಿ ಬೇಕಾದರೆ ಚಿಪ್ಪಿನ ಬಾದಾಮಿಯನ್ನೇ ಕೇಳಿ. ಬೆಂಗಳೂರಿನ ರಸೆಲ್ ಮಾರ್ಕೆಟ್ಟಿನಂಥ ಕಡೆ ಡ್ರೈಫ್ರೂಟ್ ಅಂಗಡಿಗಳಲ್ಲಿ ವಿಚಾರಿಸಿ. ತೆಳು ಚಿಪ್ಪಿನದಾದರೆ ಬೆರಳಲ್ಲೇ ಒಡೆಯುತ್ತದೆ.

ಮಮ್ರಾ ಅನ್ನುವ ಜಾತಿಯ ಬಾದಾಮಿಗೆ ಹಲವು ಪಟ್ಟು ಬೆಲೆ. ಎಣ್ಣೆಯಂಶ ಜಾಸ್ತಿ, ರುಚಿ ನಿಜಕ್ಕೂ ಚೆನ್ನ. ಆದರೆ ಹಸಿತನಕ್ಕೋಸ್ಕರ ಅಷ್ಟು ದುಡ್ಡು ಸುರಿಯಬೇಕಿಲ್ಲ. ಅಫ್ಘಾನಿಸ್ತಾನದ ಸಣ್ಣ ಗುರ್ಬಂದಿ ಬಾದಾಮಿ ತಂದರೆ ಒಂದು ಎಚ್ಚರಿಕೆ: ನಡುವೆ ಕಹಿ ಬೀಜ ಸಿಗುತ್ತದೆ. ಕಹಿ ಬಾದಾಮಿಯಿಂದ ಹೊಟ್ಟೆಯಲ್ಲಿ ಸೈನೈಡ್ ಬಿಡುಗಡೆಯಾಗುತ್ತದೆ. ನಾಲಿಗೆಗೆ ಕಹಿ ತಾಗಿದ ಕೂಡಲೇ ಉಗಿಯಿರಿ, ಮಕ್ಕಳಿಗೂ ಹೇಳಿಕೊಡಿ. ಚೂರು ಮಾಡಿದ ಬಿಳಿ ಬಾದಾಮಿ, ಬಾದಾಮಿ ಹಿಟ್ಟು, ಡಬ್ಬದ ಬಾದಾಮಿ ಹಾಲು ಇವೆಲ್ಲ ಬೇಡವೇ ಬೇಡ. ಸಿಪ್ಪೆ ತೆಗೆಯಲು ಬಿಸಿನೀರು ಕಂಡವು, ಹಾಲಂತೂ ಕಾಯಿಸಿದ್ದು.

ಅಕ್ರೋಟು ಕಾಶ್ಮೀರದ್ದು, ಚಿಪ್ಪಿನ ಸಮೇತ, ಚಳಿಗಾಲದಲ್ಲಿ ಹೊಸ ಮಾಲು ಬಂದಾಗ ತಗೊಳ್ಳಿ. ಪಿಸ್ತಾ ಬಾಯಿಬಿಟ್ಟ ಚಿಪ್ಪಿನದಾದರೆ ಬಹುತೇಕ ಹುರಿದದ್ದೇ.

ನನ್ನ ಮಾತು ಕೇಳುವುದಾದರೆ ಕಡಲೆಕಾಯಿಗೇ ಮೊದಲ ಜಾಗ. ಚಳ್ಳಕೆರೆ, ಪಾವಗಡ, ಶಿರಾ ಕಡೆಯಿಂದ ಬಂದ ಒಣ ಕಡಲೆಕಾಯಿಯನ್ನು ಚಿಪ್ಪಿನ ಸಮೇತ ತಂದು ಮನೆಯಲ್ಲೇ ಬಿಡಿಸಿದರೆ ಅನುಮಾನಕ್ಕೇ ಜಾಗವಿಲ್ಲ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿ ಪರಿಷೆಗೆ ಹೋದರೆ ಹೊಸ ಬೆಳೆ ರಾಶಿ ರಾಶಿ ಇರುತ್ತದೆ. ಅಲ್ಲಿ ಹುರಿದದ್ದೂ ಬೇಯಿಸಿದ್ದೂ ಪಕ್ಕಪಕ್ಕದಲ್ಲೇ ಇರುವುದರಿಂದ ಕೇಳಿ ತಗೊಳ್ಳಿ. ಹಸಿಯೋ ಅಲ್ಲವೋ ಅಂತ ಅನುಮಾನ ಬಂದರೆ ಹತ್ತು ಬೀಜ ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಹುರಿದದ್ದು ಎಂದೂ ಮೊಳೆಯುವುದಿಲ್ಲ. ಬಾದಾಮಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಅದು ಚಳಿ ಕಾಣದೆ ಸುಲಭವಾಗಿ ಮೊಳೆಯದ ಬೀಜ.

'ಬಿತ್ತನೆ ಬೀಜ ಅಂದರೆ ಖಂಡಿತ ಹಸಿ ತಾನೇ' ಎಂದುಕೊಂಡು ರೈತರ ಅಂಗಡಿಯಿಂದ ತಂದವರನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ. ಅದಕ್ಕೆ ಬೂಷ್ಟು ಹಿಡಿಯದ ಹಾಗೆ ಔಷಧಿ ಹಚ್ಚಿರುತ್ತಾರೆ. ಅದು ವಿಷ.

ಹೆಜ್ಜೆ 2: ಆರಿಸಿ

ಮೊರದಲ್ಲಿ ಹರವಿ, ಬೆಳಕಿನಲ್ಲಿ ಕೂತು ಆರಿಸಿ. ಮುರುಟಿದ್ದು, ಕಪ್ಪಾದದ್ದು, ಹಸಿರು ಹಳದಿ ಪುಡಿ ಹಿಡಿದದ್ದು, ಕಮಟು ವಾಸನೆ ಬರುವುದು ಎಲ್ಲ ಆಚೆಗೆ. ಕಡಲೆಬೀಜಕ್ಕೆ ಇದು ಬಹಳ ಮುಖ್ಯ. ಆ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಅನ್ನುವ, ಲಿವರ್ ಕೆಡಿಸುವ ವಿಷ ಇರಬಹುದು. ಅದು ನೆನೆಸಿದರೂ ಹೋಗುವುದಿಲ್ಲ, ಹುರಿದರೂ ಪೂರ್ತಿ ಹೋಗುವುದಿಲ್ಲ. ಕೈಯಲ್ಲಿ ಆರಿಸುವುದೇ ಮನೆಯ ಮದ್ದು.

ಹೆಜ್ಜೆ 3: ತೂಗಿ, ನೆನೆಸಿ

ಒಂದು ಸಲಕ್ಕೆ 250 ಗ್ರಾಂ ಸಾಕು. ನೆನೆಸುವ ಮುಂಚೆ ತೂಗಿ, ಆ ಅಂಕಿಯನ್ನು ಬರೆದಿಡಿ. ಯಾಕೆಂದು ಮುಂದೆ ಗೊತ್ತಾಗುತ್ತದೆ. ಎರಡರಷ್ಟು ನೀರು, ಅರ್ಧ ಚಮಚ ಉಪ್ಪು. ಬಾದಾಮಿಗೆ 8ರಿಂದ 10 ಗಂಟೆ, ಕಡಲೆಬೀಜಕ್ಕೆ 6ರಿಂದ 8, ಅಕ್ರೋಟಿಗೆ 4 ಸಾಕು. ಕರಾವಳಿಯ ಸೆಖೆಯಲ್ಲಿ ನಡುವೆ ಒಮ್ಮೆ ನೀರು ಬದಲಿಸಿ. ಸಿಪ್ಪೆ ಬೇಗ ಬಿಡಲಿ ಅಂತ ಬಿಸಿನೀರು ಹಾಕುವುದು ತುಂಬ ಮನೆಗಳ ಅಭ್ಯಾಸ. ಹಾಕಿದರೆ ಇಷ್ಟು ಹೊತ್ತು ಹುಡುಕಿದ್ದೆಲ್ಲ ದಂಡ.

ಅವತ್ತೇ ತಿನ್ನುವುದಾದರೆ ಇಲ್ಲಿಗೆ ಕೆಲಸ ಮುಗಿಯಿತು. ತೊಳೆದು ತಿನ್ನಿ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯವರು, ಹೀಗೇ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿಸುವ ಆಸೆ ಬೇಡ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಹೊಗೆ ವಾಸನೆ ಹತ್ತುತ್ತದೆ, ಮತ್ತೆ ಬಿಡುವುದಿಲ್ಲ.

ಹೆಜ್ಜೆ 4: ಒಣಗಿಸುವುದು

ಎಲ್ಲರೂ ಎಡವುವುದು ಇಲ್ಲಿ. ಆದ್ದರಿಂದ ನಿಧಾನವಾಗಿ ಓದಿ.

ರಾತ್ರಿ ಒಂಬತ್ತಕ್ಕೆ ನೆನೆಸಿದರೆ ಬೆಳಿಗ್ಗೆ ಆರಕ್ಕೆ ಬಸಿಯಬಹುದು. ಈ ಹೊತ್ತಿನ ಲೆಕ್ಕ ತಪ್ಪಿಸಬೇಡಿ. ಒದ್ದೆ ಬೀಜಕ್ಕೆ ಮೊದಲ ಆರು ಗಂಟೆಯೇ ಅಪಾಯದ ಹೊತ್ತು. ಆ ಹೊತ್ತು ಹಗಲಾಗಿರಬೇಕು, ನೀವು ಎಚ್ಚರ ಇರಬೇಕು. ನೀರು ತಿಳಿಯಾಗುವವರೆಗೆ ತೊಳೆಯಿರಿ. ಜರಡಿಯಲ್ಲಿ ಅರ್ಧ ಗಂಟೆ ಬಸಿಯಲು ಬಿಡಿ. ಆಮೇಲೆ ಹಳೇ ಹತ್ತಿ ಪಂಚೆಯಲ್ಲಿ ಹಾಕಿ ತಿಕ್ಕಿ ಒರೆಸಿ. ಒರೆಸುವುದನ್ನು ಬಿಟ್ಟರೆ ಒಣಗಲು ಅರ್ಧ ದಿನ ಜಾಸ್ತಿ ಹಿಡಿಯುತ್ತದೆ.

ಹರವುವುದು ಒಂದೇ ಪದರದಲ್ಲಿ, ಒಂದಕ್ಕೊಂದು ತಾಗದ ಹಾಗೆ. ಸ್ಟೀಲ್ ತಟ್ಟೆ ಬೇಡ, ಅಡಿಯಲ್ಲಿ ಬೆವರುತ್ತದೆ. ಬಿದಿರಿನ ಮೊರ ಅಥವಾ ಜಾಲರಿ ಇರಲಿ, ಅದರ ಕೆಳಗೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ. ಗಾಳಿ ಮೇಲಿಂದಲೂ ಕೆಳಗಿಂದಲೂ ಆಡಬೇಕು. ಫ್ಯಾನ್ ಜೋರಾಗಿ ಹಾಕಿ. ಎರಡು ಗಂಟೆಗೊಮ್ಮೆ ಕೈಯಾಡಿಸಿ.

ಬಿಸಿಲಾದರೆ ಬೆಳಿಗ್ಗೆ ಏಳರಿಂದ ಹತ್ತೂವರೆ. ಆಮೇಲೆ ನೆರಳಿಗೆ ತನ್ನಿ. ಸುಡು ಬಿಸಿಲಿನಲ್ಲಿ ಬೀಜದ ಎಣ್ಣೆ ಕಮಟಾಗುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯವರು ಇನ್ನೂ ಹುಷಾರಾಗಿರಬೇಕು. ಏಪ್ರಿಲ್ ಮಧ್ಯಾಹ್ನದ ತಾರಸಿ ನೆಲ 48 ಡಿಗ್ರಿಯನ್ನು ಸಲೀಸಾಗಿ ದಾಟುತ್ತದೆ. ಅಡುಗೆ ಥರ್ಮಾಮೀಟರ್ ಒಂದನ್ನು ಕೊಂಡು ಮೊರದಲ್ಲೇ ಇಡಿ. ಈ ಪಥ್ಯಕ್ಕೆ ಇದಕ್ಕಿಂತ ಉಪಯೋಗದ ಸಾಮಾನು ಇನ್ನೊಂದಿಲ್ಲ.

ಸಂಜೆ ಆಯಿತು. ಬೀಜ ಮುಟ್ಟಿದರೆ ಗರಗರ ಅನ್ನುತ್ತದೆ, ಸಿಪ್ಪೆ ಸುಕ್ಕಾಗಿದೆ. ಒಣಗಿತು ಅನ್ನಿಸುತ್ತದೆ. ಪಕ್ಕದ ಮನೆಯ ಹುಡುಗಿಗೂ ಹಾಗೇ ಅನ್ನಿಸಿದ್ದು. ಒಣಗಿದ್ದು ಸಿಪ್ಪೆ ಮಾತ್ರ, ಒಳಗೆ ಇನ್ನೂ ನೀರಿದೆ. ಆ ಹೊತ್ತಿನಲ್ಲಿ ಡಬ್ಬಕ್ಕೆ ತುಂಬಿ ಮುಚ್ಚಿದರೆ ಒಳಗಿನ ಪಸೆ ಹೊರಗೆ ಬಂದು ಮುಚ್ಚಳದ ಅಡಿ ಹನಿಗಟ್ಟುತ್ತದೆ. ಎರಡು ದಿನಕ್ಕೆ ಬೂಷ್ಟು. ಮೊರವನ್ನು ಮನೆಯೊಳಗೆ ತಂದು, ತೆಳ್ಳನೆ ಬಟ್ಟೆ ಹೊದಿಸಿ, ರಾತ್ರಿಯಿಡೀ ಫ್ಯಾನಿನ ಕೆಳಗೇ ಬಿಡಿ. ಇಬ್ಬನಿಗೆ ಬಿಡಬೇಡಿ. ಎರಡನೇ ದಿನ ಮತ್ತೆ ಇದೇ ಕ್ರಮ. ಬಾದಾಮಿಗೆ ಸಾಮಾನ್ಯವಾಗಿ ಎರಡರಿಂದ ಮೂರು ದಿನ ಬೇಕು.

ಈಗ ಬರೆದಿಟ್ಟ ತೂಕ ತೆಗೆಯಿರಿ. ಸಿಪ್ಪೆ ತೆಗೆಯದ 250 ಗ್ರಾಂ ಬಾದಾಮಿ ಮತ್ತೆ 250ಕ್ಕೆ ಅಥವಾ ಸ್ವಲ್ಪ ಕೆಳಗೆ ಬಂದಿದ್ದರೆ ನೀರೆಲ್ಲ ಹೋಗಿದೆ. 270 ಇದ್ದರೆ ಇನ್ನೂ 20 ಗ್ರಾಂ ನೀರು ಒಳಗೇ ಕೂತಿದೆ. ತಕ್ಕಡಿ ಸುಳ್ಳು ಹೇಳುವುದಿಲ್ಲ. ತೂಗಿದ ಮೇಲೆ ನಾಲ್ಕಾರು ಬೀಜ ಮುರಿದೂ ನೋಡಿ. ಬಿಸಿಲಿನಿಂದ ತಂದ ಕೂಡಲೇ ಮುರಿಯಬೇಡಿ, ಬೆಚ್ಚಗಿರುವ ಬೀಜ ಮೆತ್ತಗೇ ಇರುತ್ತದೆ. ಕಾಲು ಗಂಟೆ ಆರಲಿ. 'ಟಕ್' ಎಂದು ಮುರಿಯಬೇಕು. ಬಾಗಿ, ಎಳೆದುಕೊಂಡು ಮುರಿದರೆ ಇನ್ನೂ ಆಗಿಲ್ಲ. ಎರಡು ಬೇಳೆ ಬಿಡಿಸಿ ನಡುವೆ ನೋಡಿ: ಒಣಗಿದ್ದರೆ ಸಪ್ಪೆ ಬಿಳುಪು, ನೀರಿನ ಪಸೆ ಉಳಿದಿದ್ದರೆ ಮಿಣುಗುವ ಹೊಳಪು.

ನಡುವೆ ಎಂದಾದರೂ ಬೀಜ ಲೋಳೆಯಾದರೆ, ಹುಳಿ ವಾಸನೆ ಬಂದರೆ, ತೊಳೆದು ಉಳಿಸಿಕೊಳ್ಳಲು ನೋಡಬೇಡಿ. ಎಸೆಯಿರಿ.

ಡಿಹೈಡ್ರೇಟರ್, ಅಂದರೆ ಬಿಸಿಗಾಳಿಯಲ್ಲಿ ಒಣಗಿಸುವ ಯಂತ್ರ, ಇದ್ದವರಿಗೆ ಈ ಕಷ್ಟ ಕಡಿಮೆ: 45 ಡಿಗ್ರಿಗೆ ಇಟ್ಟು 18ರಿಂದ 24 ಗಂಟೆ. ಆದರೆ ಉಷ್ಣತೆ ಹೊಂದಿಸುವ ಗುಂಡಿಯೇ ಇಲ್ಲದ ಅಗ್ಗದ ಯಂತ್ರ ಕೊಳ್ಳಬೇಡಿ. ನಾನು ಒಂದು ಕೊಂಡಿದ್ದೆ. ಥರ್ಮಾಮೀಟರ್ ಇಟ್ಟು ನೋಡಿದಾಗ 68 ತೋರಿಸಿತು. ಎಷ್ಟೋ ಏರ್‌ಫ್ರೈಯರ್‌ಗಳು 80ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಒಟಿಜಿ ಅನ್ನುವ ಪುಟ್ಟ ಕರೆಂಟ್ ಓವನ್ನೂ ಅಷ್ಟೇ. ಬಾಗಿಲು ಸ್ವಲ್ಪ ತೆರೆದಿಟ್ಟರೆ ಆಗುತ್ತದೆ ಅನ್ನುವ ಸಲಹೆಯನ್ನು ನಂಬಬೇಡಿ.

ಹೆಜ್ಜೆ 5: ಇಡುವುದು

ಪೂರ್ತಿ ಆರಿದ ಮೇಲೆ ಗಾಜಿನ ಜಾಡಿ, ಫ್ರಿಜ್. ಅಕ್ರೋಟು ಬೇಗ ಕಮಟಾಗುವುದರಿಂದ ಮೊದಲು ಅದನ್ನು ಮುಗಿಸಿ.

ಕಡಲೆಬೀಜವನ್ನು ಮಾತ್ರ ನಾನು ಒಣಗಿಸುವುದಿಲ್ಲ, ಮೊಳಕೆ ಬರಿಸುತ್ತೇನೆ. ಒಣ ಹಸಿ ಬೀಜ ಜಾಸ್ತಿ ತಿಂದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ. "ಪಿತ್ತ ಆಗುತ್ತೆ, ಒಂದು ಚೂರು ಬೆಲ್ಲ ಬಾಯಿಗೆ ಹಾಕ್ಕೋ" ಅಂತ ಅಜ್ಜಿ ಹೇಳುತ್ತಿದ್ದದ್ದು ಅದಕ್ಕೇ. ನೆನೆದ ಬೀಜವನ್ನು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಬೆಳಿಗ್ಗೆ ಸಂಜೆ ತೊಳೆಯುತ್ತಿದ್ದರೆ ಎರಡು ದಿನಕ್ಕೆ ಬಿಳಿ ಮೂತಿ ಹೊರಗೆ ಬರುತ್ತದೆ. ಆಗಲೇ ತಿನ್ನಬೇಕು: ಕಾಯಿತುರಿ, ಹಸಿಮೆಣಸು, ನಿಂಬೆರಸ, ಚಿಟಿಕೆ ಉಪ್ಪು. ಗರ್ಭಿಣಿಯರು, ಪುಟ್ಟ ಮಕ್ಕಳು, ಕಾಯಿಲೆಯಿಂದ ಸೋತವರು ಹಸಿ ಮೊಳಕೆ ತಿನ್ನುವುದು ಬೇಡ. ಕಡಲೆಬೀಜ ಅಲರ್ಜಿ ಇರುವವರು ಇದರ ಹತ್ತಿರವೂ ಬರಬಾರದು. ಮೂರನೇ ದಿನಕ್ಕೆ ಮೊಳಕೆ ಉಳಿದರೆ ಒಗ್ಗರಣೆ ಹಾಕಿ ಚೆನ್ನಾಗಿ ಬೇಯಿಸಿ ಉಸಲಿ ಮಾಡಿ, ಪಥ್ಯದಲ್ಲಿ ಇಲ್ಲದವರಿಗೆ ಬಡಿಸಿ.